ಕಡಬ ಲೈನಿನ ದುಗ್ಗಪ್ಪ

೩೦ ಜೂನ್ ೧೯೮೫, ಭಾನುವಾರ

ಊಟ ಆಯಿತು. ಟೆಲಿಫೋನ್ ಬೋರ್ಡು ತೂಕಡಿಸುತ್ತಿದೆ. ಸೂಪರ್‌ವೈಸರ್ ಪದ್ಮಯ್ಯನವರು ಮುಖಕ್ಕೆ ಪೇಪರ್ ಮುಚ್ಚಿಕೊಂಡಿದ್ದಾರೆ. ಅದರ ಅರ್ಥ, ನಾವು ಆಡುವುದು ಅವರಿಗೆ ಗೊತ್ತಿಲ್ಲ.

ಸುಳ್ಯ ಎಕ್ಸ್‌ಚೇಂಜಿನಲ್ಲಿ ಕಮಲಾವತಿ, ಕಡಬದಲ್ಲಿ ಮೋಹಿನಿ, ಇಲ್ಲಿ ಪುತ್ತೂರಿನಲ್ಲಿ ನಾನು. ಪಕ್ಕದ ಸ್ಟೂಲಿನಲ್ಲಿ ಲೈನ್‌ಮನ್ ಸಲಾಂ. ಮೂರು ಊರು, ಬಾಯಿಮಾತಿನಲ್ಲೇ ಕಟ್ಟಿದ ಒಂದು ಗುಹೆ. ಆಟದ ಪೆಟ್ಟಿಗೆ ತಂದವನು ಸಲಾಮನ ಅಣ್ಣ, ದುಬಾಯಿಯಿಂದ, ಲೂಡೋ ಎಂದುಕೊಂಡು. ಒಳಗೆ ಇಂಗ್ಲಿಷ್ ಪುಸ್ತಕ, ವಿಚಿತ್ರ ದಾಳಗಳು. ನಾನು ಬಿ.ಎ. ಮಾಡಿದ್ದು ಅಂತೂ ಒಂದು ಉಪಯೋಗಕ್ಕೆ ಬಂತು. ಅವರು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಗುಹೆಗೆ ಇಳಿಯುವುದು, ದಾರಿ ಹೇಳುವವಳು ನಾನು. ಏನು ಮಾಡುವುದೆಂದು ಅವರು ಹೇಳುತ್ತಾರೆ. ಆದೀತೋ ಇಲ್ಲವೋ, ದಾಳ ಹೇಳುತ್ತದೆ. ಟಿಫಿನ್ ಮುಚ್ಚಳವನ್ನು ಮೌತ್‌ಪೀಸಿನ ಹತ್ತಿರ ಹಿಡಿದು ಅದರಲ್ಲಿ ಉರುಳಿಸುತ್ತೇನೆ. ಕಾಣದವರು ಸದ್ದಾದರೂ ಕೇಳಲಿ.

ಕಮಲಾವತಿಯದು ಮದ್ದು ಕೊಡುವ ಹೆಂಗಸು. ಸಲಾಮನದು ಕಳ್ಳ, ಮನುಷ್ಯ ಮಾತ್ರ ಪಾಪ. ಮೋಹಿನಿಯದು ದುಗ್ಗಪ್ಪ, ಕತ್ತಿ ಹಿಡಿದ ಹುಡುಗ. ಪ್ರತಿ ಸಲ ಅವಳ ಮೊದಲ ಪ್ರಶ್ನೆ ಒಂದೇ: "ದುಗ್ಗಪ್ಪನಿಗೆ ಊಟ ಆಯ್ತಾ, ಪುತ್ತೂರು?" ನಮ್ಮನ್ನು ಊರಿನ ಹೆಸರಿನಲ್ಲೇ ಕರೆಯುವುದು ಅಭ್ಯಾಸ. ಅವಳ ಮುಖ ಈವರೆಗೆ ನೋಡಿಲ್ಲ.

ಮುಂದಿನ ವಾರ ಗುಹೆಯ ತಳ. ಪುಸ್ತಕದಲ್ಲಿ ಅಲ್ಲೊಂದು ಬೆಂಕಿ ಉಗುಳುವ ಹಾವು ಕುಳಿತಿದೆ. ಇಲ್ಲಿ ಅದಕ್ಕೆ ಹೆದರುವವರು ಯಾರು? ನಗುತ್ತಾರೆ ಅಷ್ಟೆ. ಅದಕ್ಕೆ ಗೀಟು ಹೊಡೆದು "ನೆರೆ" ಎಂದು ಬರೆದೆ. ನೆರೆಗೆ ಎಲ್ಲರೂ ಹೆದರುತ್ತಾರೆ.

೭ ಜುಲೈ, ಭಾನುವಾರ

ಎಲ್ಲರೂ ಸತ್ತರು.

ನೀರಿನ ಸದ್ದು ಕೇಳಿದಾಗಲೇ ಮೋಹಿನಿ ಹೇಳಿದ್ದು, ಮೂವರೂ ಒಂದೇ ಹಗ್ಗ ಸೊಂಟಕ್ಕೆ ಕಟ್ಟಿಕೊಳ್ಳುವ, ಒಬ್ಬ ಜಾರಿದರೆ ಇಬ್ಬರು ಎಳೆಯಬಹುದು ಎಂದು. ಒಳ್ಳೆಯ ಬುದ್ಧಿ. ಆದರೆ ಹಗ್ಗ ಒಂದಾದ ಮೇಲೆ ದಾಳವೂ ಒಂದೇ. ಇಪ್ಪತ್ತು ಮುಖದ ದಾಳ, ಐದು ದಾಟಿದರೆ ಸಾಕು.

ಮೂರು ಬಿತ್ತು.

ಸಲಾಂ ನೋಡಿದ. ಅವನ ಕಳ್ಳನೂ ಅದೇ ಹಗ್ಗದಲ್ಲಿದ್ದಾನೆ. ಬಾಯಿಗೆ ಬೆರಳಿಟ್ಟು ತಲೆ ಅಲ್ಲಾಡಿಸಿದ - ಹೇಳಬೇಡ. ಹನ್ನೆರಡು ಎಂದರೆ ಆಗುತ್ತಿತ್ತು. ಯಾರು ನೋಡುತ್ತಿದ್ದರು? ಆದರೆ ಕಾಣದವರಿಗೆ ಸುಳ್ಳು ಹೇಳಲು ನಾಲಗೆ ಏಳಲಿಲ್ಲ. ಇಡೀ ದಿನ ಕಾಣದವರ ನಂಬಿಕೆಯಲ್ಲೇ ಬದುಕುವ ಕೆಲಸ ನಮ್ಮದು. ಮೂರು ಎಂದೆ.

ಕಮಲಾವತಿ "ಅಯ್ಯೋ" ಎಂದು ನಕ್ಕಳು. ಮೋಹಿನಿ ಲೈನ್ ಬಿಟ್ಟಳು. ಕಡಬದ ಪ್ಲಗ್ ತೆಗೆದ ಸದ್ದು ಕೇಳಿತು.

೮ ಜುಲೈ

ಕಡಬಕ್ಕೆ ಮೂರು ಟ್ರಂಕ್ ಕಾಲ್. ಮೂರಕ್ಕೂ ಮೋಹಿನಿ "ನಂಬರ್ ಪ್ಲೀಸ್" ಎಂದಳು. ನನಗೆ! ಒಂದು ವರ್ಷ ಹರಟೆ ಹೊಡೆದವಳು.

ಆಟ ಅಲ್ಲವಾ... ಇಷ್ಟು ಸಿಟ್ಟಾ?

೧೪ ಜುಲೈ, ಭಾನುವಾರ

ಆಟ ಇಲ್ಲ. ಪದ್ಮಯ್ಯನವರು ಸುಮ್ಮನೆ ಪೇಪರ್ ಮುಚ್ಚಿಕೊಂಡರು, ಪಾಪ.

ಕಮಲಾವತಿಗೆ ಒಂದು ಉಪಾಯ ಉಂಟಂತೆ: ಎಲ್ಲಾ ದುಗ್ಗಪ್ಪನ ಕನಸು ಎಂದು ಹೇಳಿಬಿಡು. ಸಲಾಂ ಹೇಳುವುದು, ಇಷ್ಟು ದಪ್ಪ ಪುಸ್ತಕದಲ್ಲಿ ಸತ್ತವರನ್ನು ಏಳಿಸುವ ಮಂತ್ರ ಇರದೆ ಇರುವುದಿಲ್ಲ. ಹುಡುಕಿದೆ. ಉಂಟು. ಹೇಳೋಣ ಎಂದರೆ ಮೋಹಿನಿ ಮಾತಿಗೆ ಸಿಗಬೇಕಲ್ಲ.

೨೪ ಜುಲೈ

ಕಡಬದ ಹತ್ತಿರ ಲೈನಿನ ಮೇಲೆ ಮರ ಬಿದ್ದು ಸಲಾಂ ಹೋಗಿದ್ದ. ಸಂಜೆ ಬಂದವನು ಚೀಲ ಇಳಿಸದೆ ನಿಂತ. ಮೋಹಿನಿಯ ಮನೆಯಲ್ಲಿ ಅವಳ ಅಮ್ಮ ಚಹಾ ಕೊಟ್ಟರಂತೆ. ಗೋಡೆಯಲ್ಲಿ ಒಬ್ಬ ಹುಡುಗನ ಫೋಟೋ, ಹಾರ ಹಾಕಿದ್ದು.

ದುಗ್ಗಪ್ಪ ಮೋಹಿನಿಯ ತಮ್ಮ. ಮೂರು ವರ್ಷದ ಹಿಂದೆ ಕುಮಾರಧಾರೆಯ ನೆರೆಯಲ್ಲಿ ಹೋದ. ಹೆಣ ಸಿಗಲಿಲ್ಲ. ಹುಲ್ಲಿನ ಬೊಂಬೆ ಮಾಡಿ ಸುಟ್ಟರು, ಬೊಜ್ಜದ ಉತ್ತರಕ್ರಿಯೆ ಮಾಡಿ ಊರಿಗೆಲ್ಲ ಊಟ ಹಾಕಿದರು. ಮೋಹಿನಿ ಮಾತ್ರ ಆ ಊಟಕ್ಕೆ ಕೂರಲಿಲ್ಲವಂತೆ. ಹೆಣ ಕಾಣದೆ ಉತ್ತರಕ್ರಿಯೆಯ ಊಟ ಗಂಟಲಲ್ಲಿ ಇಳಿಯುವುದಿಲ್ಲ ಎಂದು ಎದ್ದು ಹೋದಳಂತೆ.

ನೆರೆ ಎಂದು ಬರೆದದ್ದು ನಾನು. ಪುಸ್ತಕದಲ್ಲಿ ಹಾವು ಇತ್ತು. ಹಾವು ಇದ್ದದ್ದು ಇದ್ದ ಹಾಗೇ ಇದ್ದಿದ್ದರೆ...

ಊಟ ಸೇರಲಿಲ್ಲ. ಅಳು ಬಂತು.

೨೫ ಜುಲೈ, ಮಧ್ಯಾಹ್ನ

ಕಡಬಕ್ಕೆ ರಿಂಗ್ ಕೊಟ್ಟೆ. ನಂಬರ್ ಪ್ಲೀಸ್ ಎಂದಳು. ನಂಬರ್ ಇಲ್ಲ ಮಾರಾಯ್ತಿ, ನಾನು ಸೇವಂತಿ ಎಂದೆ. ತಮ್ಮನ ವಿಷಯ ಗೊತ್ತಾಯಿತು, ಗೊತ್ತಿದ್ದರೆ ನೀರು ತರುತ್ತಿರಲಿಲ್ಲ, ಮಂತ್ರ ಉಂಟು, ದುಗ್ಗಪ್ಪನನ್ನು ಏಳಿಸುತ್ತೇನೆ ಎಂದೆಲ್ಲ ಒಂದೇ ಉಸಿರಿಗೆ ಹೇಳಿದೆ.

"ಏಳಿಸುದು ಬೇಡ. ಅದು ಸುಳ್ಳು ಆಗ್ತದೆ."

ಮತ್ತೆ ಎಂತ ಮಾಡುವುದು ಎಂದು ಕೇಳಿದೆ.

"ಅವ ಎಲ್ಲಿದ್ದಾನೆ ಅಂತ ನಿಮಗೆ ಗೊತ್ತುಂಟಲ್ಲ? ನೀವೇ ಅಲ್ಲವಾ ಗುಹೆ ಮಾಡಿದ್ದು. ನಮ್ಮನ್ನು ಅಲ್ಲಿಗೆ ಬಿಡಿ. ಅವನನ್ನು ಹೊರಗೆ ತರ್ಲಿಕ್ಕೆ."

೧೧ ಆಗಸ್ಟ್, ಭಾನುವಾರ

ಆಟಿ ತಿಂಗಳು. ಸತ್ತವರಿಗೆ ಎಲೆ ಇಟ್ಟು ಊಟ ಬಳಸುವ ಸಮಯ. ಮೋಹಿನಿಯೇ ಈ ದಿನ ಹೇಳಿದ್ದು.

ಹೊಸ ಮೂವರು ಗುಹೆಗೆ ಇಳಿದರು. ನಿಧಿಗೆ ಅಲ್ಲ. ಕಮಲಾವತಿಯದು ಮದ್ದಿನವಳ ತಂಗಿ. ಸಲಾಮನದು ಕಳ್ಳನಿಗೆ ಸಾಲ ಕೊಟ್ಟವನು - ನಗಿಸಲು ನೋಡಿದ, ಆಗಲಿಲ್ಲ. ಮೋಹಿನಿಯದು ದುಗ್ಗಪ್ಪನ ಅಕ್ಕ. ಹೆಸರು ಬೇಡ ಎಂದಳು. ಕತ್ತಿ ಕೊಡಲೇ ಎಂದು ಕೇಳಿದೆ. ಒಂದು ಚಾಪೆ ಸಾಕು ಎಂದಳು.

ನೀರು ಇಳಿದಿತ್ತು. ಮದ್ದಿನವಳು ಸಿಕ್ಕಿದಳು. ಕಮಲಾವತಿ ಈ ಸಲ ನಗಲಿಲ್ಲ. ಕಳ್ಳ ಸಿಕ್ಕಿದ. ಅಲ್ಲಿಂದ ಮುಂದೆ ಹಗ್ಗ ಕತ್ತಲೆಯ ಒಳಗೆ ಹೋಗಿದೆ, ಎಳೆದರೆ ಬರುತ್ತಿಲ್ಲ. ಇಂಥ ಕಡೆ ದಾಳ ಹಾಕಬೇಕು. ಪುಸ್ತಕದ ನಿಯಮ. ಆರೋ ಅದರ ಮೇಲೋ ಬಿದ್ದರೆ ಸಿಗುತ್ತಾನೆ, ಇಲ್ಲದಿದ್ದರೆ ಇಲ್ಲ.

ದಾಳ ಕೈಗೆ ತೆಗೆದುಕೊಂಡೆ. ಸಲಾಂ ನನ್ನನ್ನೇ ನೋಡಿದ. ಪದ್ಮಯ್ಯನವರು ಪೇಪರ್ ಸರಿಸಿದ್ದರು, ಅವರೂ ನೋಡುತ್ತಿದ್ದರು. ಮುಷ್ಟಿ ಬಿಡಿಸಲಿಲ್ಲ.

ಸಿಕ್ಕಿದ ಎಂದೆ.

"ದಾಳದ ಸದ್ದು ಕೇಳ್ಲಿಲ್ಲ," ಎಂದಳು ಮೋಹಿನಿ.

ಇವತ್ತು ಲೈನ್ ಸರಿ ಇಲ್ಲ ಎಂದೆ.

"ನನಗೆ ಸರಿಯಾಗಿಯೇ ಕೇಳ್ತಾ ಉಂಟು, ಸೇವಂತಿ."

ಮೊದಲ ಸಲ ಹೆಸರು ಹಿಡಿದು ಕರೆದದ್ದು. ಆಮೇಲೆ ಕೇಳಿದಳು, ಮುಖ ಹೇಗುಂಟು ಎಂದು. ಅಕ್ಕನದ್ದೇ ನೋಡದವಳು ತಮ್ಮನ ಮುಖ ಎಂತ ಹೇಳಲಿ? ಏನೂ ಆಗಿಲ್ಲ, ನಿದ್ದೆ ಬಂದ ಹಾಗೆ ಉಂಟು ಎಂದೆ. ಚಾಪೆಯಲ್ಲಿ ಸುತ್ತಿದರು. ತಲೆಯ ಕಡೆ ತಾನೇ ಹಿಡಿಯುತ್ತೇನೆ ಎಂದಳು. ಹೊರಗೆ ಬೆಳಕಿಗೆ ಬರುವ ತನಕ ಯಾರಿಗೂ ಬದಲಿ ಕೊಡಲಿಲ್ಲ.

ಇದನ್ನು ಬರೆಯುವಾಗ ಲೈನ್ ಇನ್ನೂ ತೆರೆದೇ ಉಂಟು. ಕಡಬದಲ್ಲಿ ಬಾಳೆಲೆ ಬಿಡಿಸಿದ ಸದ್ದು ಕೇಳಿತು. ಮನೆಯಿಂದಲೇ ತಂದಿದ್ದಾಳೆ. ಒಂದು ಎಲೆಯಲ್ಲಿ ಅವನಿಗೆ ಬಳಸಿದಳಂತೆ, ಇನ್ನೊಂದು ತನಗೆ. ಈಗ ಉಣ್ಣುತ್ತಿದ್ದಾಳೆ. ಮೂರು ವರ್ಷದ ಊಟ. ಸುಳ್ಯದಲ್ಲಿ ಕಮಲಾವತಿ ಲೈನ್ ಹಿಡಿದಿದ್ದಾಳೆ, ಇಲ್ಲಿ ಸಲಾಂ ನಮಾಜಿನ ಟೊಪ್ಪಿ ಹಾಕಿಕೊಂಡು ಕುಳಿತಿದ್ದಾನೆ. ಎಲ್ಲರೂ ಅವಳು ಉಣ್ಣುವುದನ್ನು ಕೇಳುತ್ತಿದ್ದೇವೆ.

ಬೋರ್ಡಿನಲ್ಲಿ ಕರೆ ಬಂದ ಗುರುತಿನ ಮುಚ್ಚಳ ಬಿತ್ತು. ಮಂಗಳೂರು. ಪದ್ಮಯ್ಯನವರೇ ಎದ್ದು ಬಂದು ಪಕ್ಕದ ಹೆಡ್‌ಸೆಟ್ ತೆಗೆದುಕೊಂಡರು, ಕಡಬ ಲೈನ್ ಎಂಗೇಜ್ ಎಂದು ಹೇಳುತ್ತಿದ್ದಾರೆ, ಇನ್ನೂ ಸ್ವಲ್ಪ ಹೊತ್ತು —