ಉಲ್ಟಾ ತಿರುಗಿದ ಫ್ಯಾನು

ಬೇಕರಿಯ ಹಿಂದಿನ ಕೋಣೆ,
ಬುಧವಾರ ಮಧ್ಯಾಹ್ನ

ನನ್ನ ಚಿನ್ನುಮರಿ,

ಹೇಗಿದ್ದೀಯೇ? ನೆಗಡಿ ಬಿಡ್ತಾ? ಹಾಸ್ಟೆಲ್ ರೂಮಿನ ಕಿಟಕಿ ಮುಚ್ಚೋಕೇ ಆಗಲ್ಲ ಅಂದಿದ್ದೆಯಲ್ಲ, ಆ ವಾರ್ಡನ್ ಹತ್ತಿರ ಜೋರಾಗಿ ಹೇಳು, ಇಲ್ಲದಿದ್ರೆ ನಾನೇ ಬಂದು ಹೇಳ್ತೀನಿ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೀವಿ. ಸೊಂಟ ಅಪ್ಪನ ಮಾತು ಕೇಳಲ್ಲ, ಅಪ್ಪ ಡಾಕ್ಟರ ಮಾತು ಕೇಳಲ್ಲ. ನಿನ್ನಣ್ಣ ಬೆಳಿಗ್ಗೆ ಅಂಗಡಿಗಳಿಗೆಲ್ಲ ಬ್ರೆಡ್ ಹಾಕಿ ಬಂದು, ಕೌಂಟರಿನಲ್ಲಿ ಕೂತು, ಗಿರಾಕಿಗಳಿಗಿಂತ ಜಾಸ್ತಿ ಬನ್ ತಾನೇ ತಿಂತಾನೆ.

ಭಾನುವಾರ ನೀನು ಫೋನಿನಲ್ಲಿ ಅಳ್ತಾ ಹೇಳಿದ್ದು ಇನ್ನೂ ಕಿವಿಯಲ್ಲೇ ಕೂತಿದೆ. ಫಿಸಿಕ್ಸ್ ಬಿಟ್ಟುಬಿಡ್ತೀನಿ, ಇನ್ನೊಂದು ವಾರ ನೋಡಿ ಬರೋ ಸೋಮವಾರ ಪ್ರೊಫೆಸರ್ ಹತ್ತಿರ ಹೋಗಿ ಹೇಳ್ತೀನಿ, ಕ್ಲಾಸಲ್ಲಿ ಹುಡುಗರೆಲ್ಲ ಪಟಪಟ ಉತ್ತರ ಹೇಳ್ತಾರೆ, ನಾನು ಇಲ್ಲಿಗೆ ಬಂದಿದ್ದೇ ಅದೃಷ್ಟದಿಂದ ಅಂದೆ. ಅಲ್ಲ ಕಣೇ, ಮೊದಲ ಪರೀಕ್ಷೆಯಲ್ಲಿ ಅಷ್ಟು ಚೆನ್ನಾಗಿ ಬರೆದಿದ್ದೀಯಲ್ಲ ಅಂದ್ರೆ, ಪೇಪರ್ ಸುಲಭ ಇತ್ತಮ್ಮ ಅಂತೀಯ. ನಿನ್ನಣ್ಣ ಲೆಕ್ಕದಲ್ಲಿ ಫೇಲಾದಾಗ ಏನಂದ, ನೆನಪಿದೆಯಾ? ಪ್ರಶ್ನೆಪತ್ರಿಕೆಯೇ ಸರಿ ಇರ್ಲಿಲ್ಲ ಅಂದ! ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ನೀವು. ಅವನ ಧೈರ್ಯದಲ್ಲಿ ಒಂದು ಚಮಚ ನಿನಗೆ, ನಿನ್ನ ಬುದ್ಧಿಯಲ್ಲಿ ಒಂದು ಚಮಚ ಅವನಿಗೆ ಹಾಕಿ ಕಲಸೋ ಹಾಗಿದ್ದಿದ್ರೆ ನನ್ನ ಕೆಲಸ ಎಷ್ಟೋ ಹಗುರ ಆಗ್ತಿತ್ತು. ಅವತ್ತು ಫೋನಿನಲ್ಲಿ ನಿನಗೆ ಏನು ಹೇಳಬೇಕೋ ತೋಚಲಿಲ್ಲ. ನಿನ್ನೆ ತೋಚಿತು, ಅದಕ್ಕೇ ಈ ಕಾಗದ.

ನಿನ್ನೆ ನಮ್ಮ ಹೊಸ ಓವನ್ ಕೆಟ್ಟು ನಿಂತಿತು. ಅದನ್ನ ಕೂರಿಸಿಕೊಟ್ಟ ಮೆಕ್ಯಾನಿಕ್ ಫೋನ್ ಎತ್ತಲಿಲ್ಲ. ಅಪ್ಪ ಯಾರನ್ನೋ ಕೇಳಿ ಬೇರೊಬ್ಬ ಮೆಕ್ಯಾನಿಕ್ ಹುಡುಗಿಯನ್ನ ಕರೆಸಿದ್ರು. ನಿನಗಿಂತ ಸ್ವಲ್ಪ ದೊಡ್ಡವಳಿರಬೇಕು, ಟೆಸ್ಟರನ್ನ ಕಿವಿ ಹಿಂದೆ ಸಿಕ್ಕಿಸಿಕೊಂಡು ಓಡಾಡ್ತಾಳೆ. ಸುಟ್ಟುಹೋಗಿದ್ದ ವೈರ್ ಬದಲಾಯಿಸಿ, ಓವನ್ ಶುರು ಮಾಡಿ, ಒಳಗೆ ಇಣುಕಿ ನೋಡಿದವಳೇ, "ಇಷ್ಟು ದಿನ ಹೇಗೆ ಬೇಯಿಸ್ತಿದ್ರಿ ಅಮ್ಮಾ? ಫ್ಯಾನ್ ಉಲ್ಟಾ ತಿರುಗ್ತಿದೆಯಲ್ಲ!" ಅಂದಳು. ಕೂರಿಸುವಾಗಲೇ ಎರಡು ವೈರ್ ಅದಲುಬದಲಾಗಿದ್ದವಂತೆ. ನನ್ನ ಕೈಯಲ್ಲಿದ್ದ ಟ್ರೇ ಹಾಗೇ ನಿಂತಿತು.

ಯಾಕೆ ಹೇಳು? ಹೋದ ರಜೆಯಲ್ಲಿ ನೀನು ಟ್ರೇ ತುಂಬ ಗೋಲಿ ಗಾತ್ರದ ಹಿಟ್ಟಿನ ಉಂಡೆ ಇಟ್ಟು, ಓವನ್ ಗಾಜಿನ ಮುಂದೆ ಸ್ಟೂಲ್ ಹಾಕಿಕೊಂಡು, ಯಾವುದು ಮೊದಲು ಕೆಂಪಾಗುತ್ತೆ ಅಂತ ಕಣ್ಣು ಮಿಟುಕಿಸದೆ ನೋಡ್ತಾ ಕೂತಿದ್ದೆ. ಎಡಗಡೆ ಮೂಲೆಯವು ಕರಕಲು, ಬಲಗಡೆಯವು ಬಿಳಿಚಿಕೊಂಡಿದ್ದವು. "ಗಾಳಿ ಹೋಗಬೇಕಾದ ಕಡೆ ಹೋಗ್ತಿಲ್ಲಮ್ಮ, ಫ್ಯಾನ್ ಉಲ್ಟಾ ತಿರುಗ್ತಿರಬೇಕು" ಅಂದೆ. ಓವನ್ ನೋಡೋಕೆ ಬಂದಿದ್ದ ಆ ಹಳೇ ಮೆಕ್ಯಾನಿಕ್ ನಕ್ಕ. "ಈ ಓವನ್ ಸ್ವಭಾವವೇ ಹಾಗೆ ಪಾಪು, ಮಧ್ಯದಲ್ಲೊಂದು ಸಲ ಟ್ರೇ ತಿರುಗಿಸಿ ಇಟ್ರೆ ಆಯ್ತು" ಅಂದ. ನೀನು ತಕ್ಷಣ, "ನನಗೆ ಸರಿಯಾಗಿ ಗೊತ್ತಿಲ್ಲ, ಸುಮ್ಮನೆ ಅಂದೆ" ಅಂದುಬಿಟ್ಟೆ. ಸುಮ್ಮನೆ ಅಂದಿದ್ದೇನೇ ಅದು? ಬೆವರು ಸುರಿಸ್ಕೊಂಡು ಕೂತು ಕಂಡುಹಿಡಿದಿದ್ದು! ಅವತ್ತಿನಿಂದ ನಿನ್ನೆವರೆಗೆ ನಾನು ಬಿಸಿ ಟ್ರೇ ತಿರುಗಿಸಿ ತಿರುಗಿಸಿ ಮಣಿಕಟ್ಟಿನ ತುಂಬ ಬರೆ ಹಾಕಿಸಿಕೊಂಡಿದ್ದೀನಿ.

ಆ ಹುಡುಗಿ ವೈರ್ ಸರಿಮಾಡಿದ ಮೇಲೆ ಮೊದಲ ಟ್ರೇ ಬನ್ ಹೊರಗೆ ಬಂತು ನೋಡು, ಈ ಮೂಲೆಯಿಂದ ಆ ಮೂಲೆಗೆ ಒಂದೇ ಬಣ್ಣ. ನನಗೆ ಅಳು ಬಂತು. ಖುಷಿಗೆ ಅಂದುಕೊಂಡ್ರು ಅಪ್ಪ. ಖುಷಿ ಹಾಳಾಗಲಿ, ಹೊಟ್ಟೆ ಉರಿದು ಅತ್ತಿದ್ದು ಕಣೇ! ಇವತ್ತು ಬೆಳಿಗ್ಗೆ ಆ ಹಳೇ ಮೆಕ್ಯಾನಿಕ್ ಬ್ರೆಡ್ಡಿಗೆ ಅಂತ ಬಂದ. ವಿಷಯ ಹೇಳಿದ್ರೆ, "ನನಗೆ ಆಗಲೇ ಅನುಮಾನ ಇತ್ತು" ಅಂತಾನೆ! ನೋಡಿದೆಯಾ? ನೀನು ಬೇಡ ಅಂತ ಕೆಳಗಿಟ್ಟ ಮಾತನ್ನ ಅವನು ಎತ್ತಿ ಜೇಬಿಗೆ ಹಾಕಿಕೊಂಡ. ನಾನು ಬಿಡ್ತೀನಾ? "ಅನುಮಾನ ನಿಮ್ಮದಲ್ಲ, ನನ್ನ ಮಗಳದ್ದು" ಅಂತ ಗಿರಾಕಿಗಳ ಎದುರಿಗೇ ಹೇಳಿದೆ. ನಿನ್ನೆಯ ಒಣಕಲು ಬ್ರೆಡ್ಡೇ ಕಟ್ಟಿಕೊಡ್ತಿದ್ದೆ, ಅಪ್ಪ ನೋಡ್ತಿದ್ರು.

ಇಷ್ಟು ಕೇಳಿದ ಮೇಲೂ ಫಿಸಿಕ್ಸ್ ಇಷ್ಟ ಇಲ್ಲ ಅಂದ್ರೆ ಬಿಡು, ನಾನು ಅಡ್ಡ ಬರಲ್ಲ. ಆದ್ರೆ ಬುದ್ಧಿ ಸಾಲದು ಅಂತ ಮಾತ್ರ ಬಿಡಬೇಡ, ಅದು ಸುಳ್ಳು. ಆ ಹುಡುಗರು ಪಟಪಟ ಉತ್ತರ ಹೇಳ್ತಾರೆ ಅಂದೆಯಲ್ಲ, ಅದರಲ್ಲಿ ಎಷ್ಟು ಸರಿ ಇರುತ್ತೆ ಅಂತ ಯಾವತ್ತಾದ್ರೂ ನೋಡಿದ್ದೀಯಾ? ನಮ್ಮ ಮೆಕ್ಯಾನಿಕ್ಕೂ ಉತ್ತರ ಪಟ್ ಅಂತಲೇ ಹೇಳಿದ್ದು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅಪ್ಪ ನಿನ್ನ ತಲೆ ಸವರಿದ್ದಾರೆ ಅಂದುಕೋ. ನಿನ್ನ ಪಾಲಿನ ಬನ್ನೂ ತಾನೇ ತಿಂತಿದ್ದೀನಿ ಅಂತ ತಿಳಿಸೋಕೆ ಹೇಳಿದ ಅಣ್ಣ. ಚೆನ್ನಾಗಿರು ಮಗಳೇ, ಅಂದ ಮಾತನ್ನ ಹೌದು, ಅಂದೆ ಅನ್ನೋ ಗಟ್ಟಿತನ ನಿನಗೆ ಬರಲಿ.

ನಿನ್ನ
ಅಮ್ಮ

ತಾ.ಕ.: ಮರೆತೇಬಿಟ್ಟಿದ್ದೆ! ನಿಮ್ಮ ಕಡೆ ಹೋಗೋ ಮೈದಾ ಲಾರಿಯವನ ಕೈಲಿ ಇದನ್ನ ಕೊಡ್ತಿದ್ದೀನಿ, ಅವನಾಗಲೇ ಹಾರ್ನ್ ಹೊಡೀತಿದ್ದಾನೆ. ಓವನ್ ಬಿಚ್ಚದೆ, ಬರೀ ಹಿಟ್ಟಿನ ಉಂಡೆ ನೋಡಿ ನೀನು ಹೇಗೆ ಕಂಡುಹಿಡಿದೆ ಅಂತ ಆ ಹುಡುಗಿಗೆ ಕಲೀಬೇಕಂತೆ. ನಾನು ಹೇಳೋಕೆ ಹೋಗಿ, ಗಾಳಿ ಎಡಕ್ಕೋ ಬಲಕ್ಕೋ ಅಂತ ನನಗೇ ಗಲಿಬಿಲಿ ಆಯಿತು. ಭಾನುವಾರ ಬೆಳಿಗ್ಗೆ ಅಂಗಡಿಗೆ ಬರ್ತಾಳೆ. ಫೋನ್ ಮಾಡಿ ನೀನೇ ಹೇಳಿಕೊಡು. ಆಮೇಲೆ ಸೋಮವಾರ ಪ್ರೊಫೆಸರಿಗೆ ಏನು ಹೇಳ್ತೀಯೋ ಹೇಳು. ಒಂದೇ ಮಾತು: "ನನಗೆ ಸರಿಯಾಗಿ ಗೊತ್ತಿಲ್ಲ, ಆದ್ರೆ" ಅಂತ ಶುರು ಮಾಡಬೇಡ. ನಿನಗೆ ಗೊತ್ತಿದೆ.