ಬೆಲ್ಲಿಯ ಕತ್ತಿನ ಗಾಯ

ಸತ್ತಿ
ಫೆಬ್ರವರಿ ೧೯, ೨೦೨೫

ಪ್ರೀತಿಯ ಸೀಮಾ,

ನಿನ್ನ ಅತ್ತೆ ಗೌರಾಬಾಯಿಯ ಆಶೀರ್ವಾದ. ನಿಪ್ಪಾಣಿಯಲ್ಲಿ ನೀನೂ ನಿನ್ನ ತಾಯಿಯೂ ಆರಾಮವಾಗಿದ್ದೀರಿ ಎಂದು ನಂಬಿದ್ದೇನೆ. ಹೆಸರಿನ ಮುಂದೆ ಚಿ. ಸೌ. ಎಂದು ಬರೆಯುವುದು ನಮ್ಮ ರೂಢಿ. ಬರೆಯಲು ಹೋದೆ, ಪೆನ್ನು ಅಲ್ಲೇ ನಿಂತಿತು. ಹಾಗಾಗಿ ಬರೀ ಹೆಸರು ಬರೆದಿದ್ದೇನೆ, ತಪ್ಪು ತಿಳಿಯಬೇಡ.

ಸಂಕ್ರಾಂತಿಗೆ ಮೊದಲು ಹೋದವಳಿಗೆ ಇಷ್ಟು ತಡವಾಗಿ ಬರೆಯುತ್ತಿದ್ದೇನೆ. ಫೋನಿನಲ್ಲಿ "ಊಟ ಆತೇನು?" ಎಂದು ನಾನು ಕೇಳುತ್ತೇನೆ, "ಆತ್ರಿ ಅತ್ತಿ" ಎಂದು ನೀನು ಹೇಳುತ್ತೀ, ಆಮೇಲೆ ಇಬ್ಬರಿಗೂ ಮಾತು ಸಿಗುವುದಿಲ್ಲ. ಕಾಗದದಲ್ಲಾದರೆ ನಾನು ಹೇಳುವುದನ್ನು ನಿನಗೆ ಬೇಕಾದಾಗ ಓದಬಹುದು, ಬೇಡವಾದರೆ ಮಡಿಚಿಡಬಹುದು.

ಮೊದಲು ನಿನ್ನ ಬಾತುಕೋಳಿಗಳ, ನಮ್ಮ ಮಾತಿನಲ್ಲಿ ಬದಕಗಳ, ಸುದ್ದಿ ಹೇಳುತ್ತೇನೆ. ನೀನು ಹೋದ ಮೇಲೆ ದ್ರಾಕ್ಷಿ ಕಟಾವು ಶುರುವಾಯಿತು. ಬಾವಿಯ ಹತ್ತಿರದ ಹೊಂಡದ ಕಡೆ ಯಾರೂ ಲಕ್ಷ್ಯ ಕೊಡಲಿಲ್ಲ. ಒಂದು ಬೆಳಿಗ್ಗೆ ಜೋಳ ಹಾಕಲು ಹೋದರೆ ಎಲ್ಲವೂ ಓಡಿ ಬಂದವು, ನಿನ್ನ ಬೆಲ್ಲಿ ಮಾತ್ರ ಬರಲಿಲ್ಲ. ಹುಡುಕಿದಾಗ ಪೈಪುಗಳ ಸಂದಿಯಲ್ಲಿ ಮೈ ಮುದುರಿಕೊಂಡು ಕೂತಿತ್ತು. ಕತ್ತಿನ ಹಿಂಭಾಗದಲ್ಲಿ ಒಂದೂ ಪುಕ್ಕ ಉಳಿದಿರಲಿಲ್ಲ. ಚರ್ಮ ಹರಿದು ರಕ್ತ ಹೆಪ್ಪುಗಟ್ಟಿ, ಅದರ ಮೇಲೆ ನೊಣ ಮುತ್ತಿದ್ದವು. ಒಂದು ಕಣ್ಣು ಬಾತುಕೊಂಡು ಮುಚ್ಚಿಹೋಗಿತ್ತು. ಎತ್ತಲು ಹೋದರೆ ಎಡಗಾಲು ಊರಲಿಲ್ಲ.

ನಾಯಿ ಕಚ್ಚಿರಬೇಕು ಎಂದುಕೊಂಡು ಪಕ್ಕದ ಹೊಲದ ಮೆಹರುಬಿಯನ್ನು ಕೂಗಿದೆ. ಅವಳ ತವರಿನಲ್ಲಿ, ಯಡೂರಿನ ಹೊಳೆದಂಡೆಯಲ್ಲಿ, ಈಗಲೂ ಬದಕ ಸಾಕುತ್ತಾರೆ. ಅವಳು ಬೆಲ್ಲಿಯನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದಳು.

"ಗೌರಕ್ಕಾ, ಇದು ನಾಯಿ ಕಚ್ಚಿದ್ದಲ್ಲರಿ. ಗಂಡು ಬದಕ ಮ್ಯಾಲ ಏರೂವಾಗ ಕುತ್ತಿಗಿ ಪುಚ್ಚ ಕಚ್ಚಿ ಹಿಡೀತಾವ. ನಿಮ್ಮ ಗಂಡು ಎರಡೂ ಕೂಡಿ ಇದೊಂದರ ಬೆನ್ನ ಹತ್ಯಾವ. ನೀರಾಗ ಆದ್ರ ತಲಿ ಮುಳುಗಿಸಿ ಬಿಡ್ತಾವ, ಜೀವಾನ ಹೊಕ್ಕೈತಿ."

"ಇನ್ನೆರಡು ಹೆಣ್ಣು ಅದಾವಲ್ಲ, ಇದಕ್ಕ ಯಾಕ?" ಎಂದೆ.

"ಅವು ಓಡ್ತಾವ, ಒದರ್ತಾವ. ಇದು ಗರೀಬ ನೋಡ್ರಿ, ಸುಮ್ನ ಕುಂದರತೈತಿ."

ಅವತ್ತೇ ಅಥಣಿಯ ದನದ ದವಾಖಾನೆಗೆ ಒಯ್ದೆವು. ಬುಟ್ಟಿಯಲ್ಲಿ ಬದಕ ಹೊತ್ತು ಬಸ್ಸು ಹತ್ತಿದ ನನ್ನನ್ನು ಕಂಡು ನಕ್ಕವರಿದ್ದರು, ಇರಲಿ. ಡಾಕ್ಟರು ಕಾಲು ಮುರಿದಿಲ್ಲ, ಉಳುಕಿದೆ ಎಂದರು. ಗಾಯಕ್ಕೂ ಕಣ್ಣಿಗೂ ಬೇರೆ ಬೇರೆ ಔಷಧ ಕೊಟ್ಟರು. ಎಣ್ಣೆ ಮಾತ್ರ ಹಚ್ಚಬೇಡಿ, ಪುಕ್ಕ ಅಂಟಿಕೊಂಡು ನೀರು ಒಳಗಿಳಿಯುತ್ತದೆ, ಥಂಡಿಯಾಗುತ್ತದೆ ಎಂದರು. "ಎಲ್ಲಾಕ್ಕಿಂತ ಮೊದಲು ಗಂಡು ಬ್ಯಾರೆ ಮಾಡ್ರಿ. ಅದನ್ನ ಮಾಡ್ಲಿಲ್ಲಂದ್ರ ನನ್ನ ಔಷಧಕ್ಕ ಕೆಲಸಿಲ್ಲ" ಎಂದರು.

ಬೆಲ್ಲಿಯನ್ನು ಅಡುಗೆಮನೆಯ ಹಿಂದಿನ ಪಡಸಾಲೆಯಲ್ಲಿ ಇಟ್ಟೆ. ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಗಾಯ ತೊಳೆಯುವುದು, ಔಷಧ ಹಾಕುವುದು, ಒಣ ಹುಲ್ಲು ಬದಲಿಸುವುದು, ಇದೇ ನನ್ನ ಕೆಲಸವಾಯಿತು. ಆದರೆ ಅದು ಜೋಳ ಮುಟ್ಟಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಕೂತಿರುತ್ತಿತ್ತು. "ಒಂಟಿ ಬದಕ ಉಣ್ಣೂದಿಲ್ಲರಿ, ಜೋಡಿ ಬೇಕು" ಎಂದು ಮೆಹರುಬಿ ಹೇಳಿದಳು. ನಿನ್ನ ಮಾವನವರು ದ್ರಾಕ್ಷಿಗೆ ಹಕ್ಕಿ ಬಾರದಂತೆ ಕಟ್ಟುವ ಬಲೆಯ ತುಂಡು ತಂದು ನಡುವೆ ಬಿಗಿದರು, ಆಚೆ ಬದಿಗೆ ಬಿಳಿ ಹೆಣ್ಣನ್ನು ಬಿಟ್ಟರು. ಅದು ತಿನ್ನುವುದನ್ನು ನೋಡುತ್ತ ನೋಡುತ್ತ ಬೆಲ್ಲಿಯೂ ಕೊಕ್ಕು ಚಾಚಿತು. ನಿನ್ನ ಮಾವನವರು ಅದನ್ನು ನೋಡಿ ಟವೆಲಿನಿಂದ ಮುಖ ಒರೆಸಿಕೊಂಡರು. ಅವರ ಸ್ವಭಾವ ನಿನಗೆ ಗೊತ್ತು.

ಇದೆಲ್ಲ ನಡೆದಿರುವಾಗ ಒಂದು ಮಧ್ಯಾಹ್ನ ನಿನ್ನ ಗಂಡ ದುಂಡೇಶ ತೋಟದಿಂದ ಬಂದ. ನಾನೂ ಮೆಹರುಬಿಯೂ ಬೆಲ್ಲಿಯ ಗಾಯ ತೊಳೆಯುತ್ತಿದ್ದೆವು. ನಿಂತು ನೋಡಿ ನಕ್ಕ.

"ಎವ್ವಾ, ಗಂಡಂದ್ರ ಹಂಗ ಇರತೈತಿ. ಅದಕ್ಕ ಇಷ್ಟ ಯಾಕ ಹಚ್ಚಿಕೊಂಡೀದಿ? ಆರಾಮ ಆತಂದ್ರ ಇದ ಹೊಳ್ಳಿ ಅದರ ಹಿಂದ ಹೊಕ್ಕೈತಿ ನೋಡು."

ಮೆಹರುಬಿ ತಲೆ ಎತ್ತದೆ ಹೇಳಿದಳು: "ತಾನಾಗಿ ಹೋಗೂದಿಲ್ಲಪಾ. ಹೊಂಡಕ್ಕ ಸುತ್ತ ಜಾಳಗಿ ಬೇಲಿ ಹಾಕೀರಿ. ಅದಕ್ಕ ಬ್ಯಾರೆ ಕಡೆ ಜಾಗ ಎಲ್ಲೈತಿ?"

ಅವನ ನಗು ನಿಂತಿತು. ಆ ಮುಖವನ್ನು ನಾನು ನೋಡಿದೆ, ಸೀಮಾ. ಅವನು ಕೈಕಾಲು ತೊಳೆಯದೆ ಒಳಗೆ ಹೋದ.

ಬೆಲ್ಲಿ ಈಗ ಗುಣವಾಗುತ್ತಿದೆ. ಕಣ್ಣು ತೆರೆದಿದೆ. ಕಾಲು ಊರುತ್ತದೆ, ಸ್ವಲ್ಪ ಕುಂಟುತ್ತದೆ. ಮೊದಲ ಸಲ ದೊಡ್ಡ ಪರಾತದಲ್ಲಿ ನೀರು ತುಂಬಿ ಇಳಿಸಿದಾಗ ಹೆದರಿ ನಿಂತುಬಿಟ್ಟಿತು. ಆಮೇಲೆ ತಲೆ ಅದ್ದಿ ಬೆನ್ನಿನ ಮೇಲೆಲ್ಲ ನೀರು ಚೆಲ್ಲಿಕೊಂಡು ನನ್ನ ಸೀರೆಯನ್ನೂ ತೋಯಿಸಿತು. ಕತ್ತಿನಲ್ಲಿ ಹೊಸ ಪುಕ್ಕ ಬರುತ್ತಿವೆ. ಬೆರಳಾಡಿಸಿದರೆ ಸಣ್ಣ ಮುಳ್ಳಿನಂತೆ ತಾಗುತ್ತವೆ. ಆದರೆ ಈಗಲೂ ಹಿಂದಿನಿಂದ ನೆರಳು ಬಿದ್ದರೆ ನೆಲಕ್ಕೆ ಅಂಟಿಕೊಳ್ಳುತ್ತದೆ. ಚರ್ಮ ಕೂಡಿದ ಮೇಲೂ ಅದು ಹೋಗಲು ಬಹಳ ಕಾಲ ಬೇಕು ಎಂದು ಮೆಹರುಬಿ ಹೇಳುತ್ತಾಳೆ. ಅದಕ್ಕೇ ನಾನು ಅದರ ಎದುರಿನಿಂದಲೇ ಹೋಗುತ್ತೇನೆ, ಹೋಗುವ ಮೊದಲು ಮಾತಾಡಿಸುತ್ತೇನೆ.

ಗಂಡುಗಳಲ್ಲಿ ಒಂದನ್ನು ಮೆಹರುಬಿ ಯಡೂರಿಗೆ ಕಳಿಸಿದಳು. ಅಲ್ಲಿ ಹೆಣ್ಣುಗಳು ಹಿಂಡುಹಿಂಡಾಗಿವೆ, ಒಂದರ ಮೇಲೇ ಭಾರ ಬೀಳುವುದಿಲ್ಲ. ಇನ್ನೊಂದು ಬೇಲಿಯ ಆಚೆ ಬೇರೆ ಇದೆ. ಅವಕ್ಕೆ ನಾನು ಬೈಯಲಿಲ್ಲ. ಪ್ರಾಣಿಗಳು, ಇನ್ನೊಂದಕ್ಕೆ ನೋಯುತ್ತದೆ ಎಂಬುದು ಅವಕ್ಕೆ ತಿಳಿಯದು. ತಿಳಿದವರ ಮಾತು ಬೇರೆ.

ಊರಿನ ಸುದ್ದಿ ವಿಶೇಷವೇನಿಲ್ಲ. ಹೊಳೆ ಇಳಿದಿದೆ. ದ್ರಾಕ್ಷಿ ಈ ಸಲ ಸಿಹಿಯಾಗಿದೆ, ಹೋಗಿಬರುವವರ ಕೈಯಲ್ಲಿ ಕಳಿಸುತ್ತೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನಗೆ ಒಳ್ಳೆಯ ನಿದ್ದೆ ಬರಲಿ, ಎದ್ದಾಗ ಮನಸ್ಸು ಹಗುರವಿರಲಿ. ನಿನ್ನ ತಾಯಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಅತ್ತೆ,
ಗೌರಾಬಾಯಿ

ತಾ.ಕ.: ಅಂಟಿಸಿದ ಲಕೋಟೆಯನ್ನು ಬಿಡಿಸಿ ಇದನ್ನು ಬರೆಯುತ್ತಿದ್ದೇನೆ. ತಾಯಿಗೆ ಹುಷಾರಿಲ್ಲ ಎಂದು ಹೇಳಿ ಹೋದೆಯಲ್ಲ, ಕಾರಣ ಅದಲ್ಲ ಎಂದು ಈಗ ನನಗೆ ಗೊತ್ತು. ಅವತ್ತು ಮೆಹರುಬಿ ಹೋದ ಮೇಲೆ ದುಂಡೇಶನನ್ನು ಕೇಳಿದೆ, "ಸೀಮಾ ಖರೇನ ಯಾಕ ಹೋದ್ಳು?"

"ಗಂಡ ಹೇಣ್ತಿ ಮಾತು, ನಿನಗ್ಯಾಕ?" ಎಂದ.

"ಆಕಿ ಮ್ಯಾಲ ಕೈ ಮಾಡಿಯೇನು?" ಎಂದೆ. ತಲೆ ಎತ್ತಲಿಲ್ಲ. "ಒಂದ ಸಲಾನ?" ಎಂದೆ. ಕೈ ಬೆನ್ನ ಹಿಂದೆ ಸರಿಸಿಕೊಂಡ. ಒಳಗಿನ ಕೋಣೆಯಲ್ಲಿ ನಡೆದದ್ದೆಲ್ಲ ಅಷ್ಟರಲ್ಲೇ ನನಗೆ ತಿಳಿಯಿತು.

"ತೆಲಸಂಗಕ್ಕ ನಿಮ್ಮ ಸೋದರಮಾವನ ತೋಟಕ್ಕ ಹೋಗು. ಆಕಿ ಬಾ ಅನ್ನೂತನಾ ಈ ಹೊಸ್ತಿಲಾ ತುಳೀಬ್ಯಾಡ" ಎಂದೆ. ನಿನ್ನ ಮಾವನವರು ತಡೆಯಲಿಲ್ಲ. "ನಾ ನಿನ್ನ ಮಗಾ ಅಲ್ಲೇನ ಎವ್ವಾ?" ಎಂದು ಕೇಳಿದ. ಹೌದು ಎಂದೆ. ಹೌದು ಎಂದೇ ಬಾಗಿಲು ಹಾಕಿಕೊಂಡೆ.

ಈಗ ದಿನಾ ಫೋನು ಮಾಡುತ್ತಾನೆ. ತಾನು ಬದಲಾಗಿದ್ದೇನೆಂದು ನಿನಗೆ ತಿಳಿಸಲು ಹೇಳುತ್ತಾನೆ. ತಿಳಿಸಿದ್ದೇನೆ, ಅಷ್ಟೇ. ನಂಬು ಎಂದು ನಾನು ಹೇಳುವುದಿಲ್ಲ. ನಿನ್ನನ್ನು ಕರೆಯಲು ಬರೆದ ಕಾಗದವೂ ಇದಲ್ಲ. ಅಲ್ಲೇ ಇರುತ್ತೀಯೋ, ಇಲ್ಲಿ ನನ್ನ ಮಗಳಾಗಿ ಇರುತ್ತೀಯೋ, ನಿನ್ನ ಇಷ್ಟ. ಬೇರೆಯಾಗಬೇಕು ಎಂದರೆ ಕೋರ್ಟಿಗೂ ನಿನ್ನ ಜೊತೆ ನಾನೇ ಬರುತ್ತೇನೆ.

ಅವನು ಸಣ್ಣವನಿದ್ದಾಗ ಪಾಟಿಯ ಮೇಲೆ ಅ ಬರೆಯಲು ಬಾರದೆ ಅಳುತ್ತಿದ್ದ. ನಾನು ಹಿಂದೆ ಕೂತು ಅವನ ಕೈ ನನ್ನ ಕೈಯಲ್ಲಿ ಹಿಡಿದು ತಿದ್ದಿಸುತ್ತಿದ್ದೆ. ಬಹಳ ಮೆತ್ತಗಿತ್ತು. ಅದೇ ಕೈ, ಸೀಮಾ.