ಮದ್ದು ಆಯ್ತಾ?

ಅಪ್ಪರ್ ಹಟ್, ಜೂನ್ ೧೪, ಶನಿವಾರ

ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿದೆ. ಬೆಳಿಗ್ಗೆ ಪಿಸ್ತೂಲ್ ಕ್ಲಬ್ಬಿನಲ್ಲಿ, ನನ್ನ ಜೊತೆ ಬರುವ ಹುಡುಗ ನಿತೀಶ್ ತನ್ನ ಪಿಸ್ತೂಲಿನಿಂದ ಹೊಡೆದಾಗ, ನಾನು ಮನೆಯಲ್ಲಿ ತುಂಬಿಕೊಟ್ಟ ತೋಟಾ ಢಮ್ ಅನ್ನದೆ ಟುಸ್ ಅಂದಿತು. ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡಿತ್ತು. ರೇಂಜಿನ ಉಸ್ತುವಾರಿ ಮುದುಕ "ಸ್ಟಾಪ್!" ಎಂದು ಕೂಗದಿದ್ದರೆ ಅವನು ಇನ್ನೊಂದು ಹೊಡೆದೇಬಿಡುತ್ತಿದ್ದ. ನಳಿಗೆ ಸಿಡಿದು ಬೆರಳು ಹೋಗುತ್ತಿದ್ದವು. ಅಷ್ಟಾದರೂ ಕಾರಿನಲ್ಲಿ ನಾನು, "ನಳಿಗೆ ಸರಿಯಾಗಿ ಒರೆಸಿಲ್ಲ ಕಣೋ ನೀನು," ಅಂದೆ. "ಸಾರಿ ವಾಸಣ್ಣ," ಅಂದ ಪಾಪ.

ಮನೆಗೆ ಬಂದು ಉಳಿದವನ್ನು ತೂಗಿದೆ. ಆರು ತೋಟಾಗಳ ತೂಕ ಕಡಿಮೆ. ತಕ್ಕಡಿಯನ್ನು ಬೈದೆ, ಗುಂಡು ಕೂರಿಸುವ ಪ್ರೆಸ್ಸನ್ನು ಬಿಚ್ಚಿದೆ. ಎರಡೂ ನೆಟ್ಟಗಿವೆ. ಆಗ ನೆನಪಾಯಿತು. ಕಳೆದ ಭಾನುವಾರ ನಾನು ಗ್ಯಾರೇಜಿನಲ್ಲಿ ಕೂತಿದ್ದಾಗ ಕಾಮಾಕ್ಷಿ ಅಡುಗೆಮನೆಯಿಂದ, "ಮದ್ದು ಆಯ್ತಾ ನಿಮ್ದು?" ಎಂದು ಕೂಗಿದ್ದಳು. ನನ್ನ ಹೆಂಡತಿ ಪುತ್ತೂರಿನವಳು, ಅವಳಿಗೆ ಬಿಪಿ ಮಾತ್ರೆಯೂ ಮದ್ದೇ. ನಾನು ಸಿಡಿಮದ್ದು ಅಂದುಕೊಂಡು "ಹ್ಞೂಂ, ಆಯ್ತು" ಅಂದೆ. ಅಂದದ್ದನ್ನು ನಾನೇ ನಂಬಿ, ಬಗ್ಗಿಯೂ ನೋಡದೆ, ಮದ್ದು ಹಾಕಿರದ ಆ ಸಾಲಿನ ತೋಟಾಗಳಿಗೆ ಗುಂಡು ಕೂರಿಸಿದೆ.

ಮಾತ್ರೆಯನ್ನೂ ನುಂಗಿರಲಿಲ್ಲ. ಥೂ.

ನಿತೀಶನಿಗೆ ಫೋನ್ ಮಾಡಿ ಹೇಳಬೇಕು ಅನ್ನುವಷ್ಟರಲ್ಲಿ ಅವನದೇ ಮೆಸೇಜು: "ಅಣ್ಣ, ನಳಿಗೆ ಮೂರು ಸಲ ಒರೆಸಿದೀನಿ. ಫೋಟೋ ಕಳಿಸ್ಲಾ?"